ಯಾವ ಕ್ಯಾಮೆರಾ ತಗೋಬೇಕು ಅಂತ ಕೇಳೋ ಮುಂಚೆ, ಹಲಸೂರಿನ ಒಂದು ರಾತ್ರಿಯ ಕತೆ

ಈ ಸಂಚಿಕೆಗೆ ನನ್ನನ್ನ ಕರೆದಾಗ ಹೇಳಿದ್ದು ಇಷ್ಟೇ: "ಕಿರುಚಿತ್ರ ಮಾಡೋಕೆ ಯಾವ ಕ್ಯಾಮೆರಾ ತಗೋಬೇಕು ಅಂತ ಹೇಳ್ಬಿಡಿ, ಹುಡುಗರು ಅದನ್ನೇ ಕೇಳ್ತಾರೆ." ನಿಜ, ನನಗೂ ಮೆಸೇಜ್ ಮಾಡಿ ಕೇಳೋದು ಅದನ್ನೇ. ಉತ್ತರ ಕೊಡ್ತೀನಿ. ಆದ್ರೆ ಅದಕ್ಕೂ ಮೊದಲು, ನಾನು ಒಬ್ಬರ ಪಕ್ಕ ತಲೆ ತಗ್ಗಿಸಿ ಕೂತ ಒಂದು ಸಂಜೆಯ ವಿಷಯ ಹೇಳಬೇಕು. ಇವತ್ತು ನಾನು ಹೇಳೋ ಎಲ್ಲ ನಂಬರ್‌ಗಳೂ ಆ ಸಂಜೆಯಿಂದ ಬಂದಿದ್ದು.

ನಾನು ಹುಟ್ಟಿ ಬೆಳೆದದ್ದು ಹಲಸೂರಲ್ಲಿ. ಬಜಾರ್ ಸ್ಟ್ರೀಟ್‌ನಿಂದ ಎರಡು ತಿರುವು ಒಳಗೆ ನಮ್ಮ ಮನೆ. ಸೋಮೇಶ್ವರ ದೇವಸ್ಥಾನದ ಜಾತ್ರೆ ಬಂತು ಅಂದ್ರೆ ನಮ್ಮ ಕಡೆ ಯಾರೂ ಮಲಗಲ್ಲ. ಸುತ್ತಮುತ್ತಲ ಗುಡಿಗಳ ದೇವರುಗಳು ಹೂವಿನ ಪಲ್ಲಕ್ಕಿ ಏರಿ ರಾತ್ರಿ ಬೀದಿಗೆ ಬರ್ತಾರೆ. ನಮ್ಮ ಬೀದಿಯಲ್ಲಿ ಹೂ ಕಟ್ಟೋ ಒಬ್ಬ ಅಣ್ಣ ಇದ್ದಾರೆ. ಹೆಸರು ಹೇಳಲ್ಲ, ಅವರಿಗೆ ಇಷ್ಟ ಇಲ್ಲ. ವರ್ಷವಿಡೀ ಮಲ್ಲಿಗೆ, ಕನಕಾಂಬರ ಮೊಳದ ಲೆಕ್ಕದಲ್ಲಿ ಮಾರ್ತಾರೆ. ಆ ಒಂದು ರಾತ್ರಿಗೆ ಮಾತ್ರ ನಾಲ್ಕೈದು ಹುಡುಗರನ್ನ ಜೊತೆಗೆ ಹಾಕ್ಕೊಂಡು ಪಲ್ಲಕ್ಕಿ ಕಟ್ತಾರೆ. ಅವರ ಬೆರಳು ಓಡೋ ವೇಗ ನೋಡಿದ್ರೆ ಗಂಟು ಎಲ್ಲಿ ಬಿತ್ತು ಅಂತಾನೇ ಗೊತ್ತಾಗಲ್ಲ. ಬೆಳಗಾದ್ರೆ ಅಷ್ಟೂ ಹೂವು ಬಾಡಿರುತ್ತೆ. ಇದನ್ನ ಹದಿನಾಲ್ಕು ನಿಮಿಷದ ಡಾಕ್ಯುಮೆಂಟರಿ ಮಾಡ್ಬೇಕು ಅಂತ ನನಗೆ ಹುಚ್ಚು ಹತ್ತಿತು.

ಮಾಡ್ದೆ ಕೂಡ. ಒಂದು ಸಣ್ಣ ಪ್ರದರ್ಶನಕ್ಕೆ ಆಯ್ಕೆಯೂ ಆಯ್ತು. ನಲವತ್ತು ಜನ ಕೂರೋ ಹಾಲ್, ಪರದೆ, ಪ್ರೊಜೆಕ್ಟರ್. ಅಣ್ಣನನ್ನ ಅಂಗಡಿ ಬೇಗ ಮುಚ್ಚಿಸಿ ಕರ್ಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಬಂದಿದ್ರು. ಚಿತ್ರದ ಮೊದಲ ಭಾಗ ಹಗಲಲ್ಲಿ, ಹೂವಿನ ಮಾರುಕಟ್ಟೆ, ಚೆನ್ನಾಗೇ ಇತ್ತು. ರಾತ್ರಿ ಬಂತು ನೋಡಿ, ಅವರು ಕಟ್ಟೋ ಜಾಗ, ಪರದೆ ಮೇಲೆ ಕಪ್ಪು ಕಪ್ಪು ಚೌಕಗಳು. ಟೈಲ್ಸ್ ಹಾಕಿದ ಗೋಡೆ ತರ. ಅದರ ಮೇಲೆ ಟ್ಯೂಬ್‌ಲೈಟಿನ ಪಟ್ಟಿಗಳು ಕೆಳಗಿಂದ ಮೇಲಕ್ಕೆ ಹರಿದು ಹೋಗ್ತಿವೆ. ಮಲ್ಲಿಗೆ ಅನ್ನೋದು ಬರೀ ಬೂದು ಮುದ್ದೆ. ಅಣ್ಣ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ್ರು, "ಇದರಲ್ಲಿ ನನ್ನ ಕೈ ಎಲ್ಲಪ್ಪಾ?"

ಬೈದಿದ್ರೆ ಪರವಾಗಿರಲಿಲ್ಲ. ನಿಜವಾಗಲೂ ಹುಡುಕ್ತಾ ಇದ್ರು.

ಮಾರನೇ ದಿನದಿಂದ ನಾನು ಪೊಲೀಸಿನವರ ತರ ತನಿಖೆಗೆ ಕೂತೆ. ಎಲ್ಲಿ ಕೆಟ್ಟಿತು? ಸಿಕ್ಕಿದ್ದು ಮೂರು ತಪ್ಪು. ಒಂದು ಸರಿ ಮಾಡಬಹುದಾಗಿತ್ತು, ಒಂದು ಅರ್ಧಂಬರ್ಧ, ಇನ್ನೊಂದು ಆಗಲೇ ಇಲ್ಲ.

ಆಗದೇ ಇದ್ದದ್ದನ್ನೇ ಮೊದಲು ಹೇಳ್ತೀನಿ, ಅದಕ್ಕೆ ಒಂದು ಪೈಸೆ ಖರ್ಚೂ ಬೇಕಿರಲಿಲ್ಲ. ಆ ಹರಿಯೋ ಪಟ್ಟಿಗಳು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅಂದ್ರೆ ಹಳೇ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಒಂದು ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಶಟರ್ 1/50 ಇಟ್ರೆ ಪ್ರತಿ ಫ್ರೇಮ್‌ನಲ್ಲೂ ಸರಿಯಾಗಿ ಎರಡು ಮಿನುಗು ಸಿಗುತ್ತೆ. 1/100 ಇಟ್ರೆ ಸರಿಯಾಗಿ ಒಂದು. ಎಲ್ಲ ಕಡೆ ಸಮ ಬೆಳಕು, ಪಟ್ಟಿ ಬರಲ್ಲ. ನಾನು ಯೂಟ್ಯೂಬಲ್ಲಿ ಅಮೆರಿಕದ ಯಾರೋ ಹೇಳಿದ್ದು ಕೇಳಿ 30 ಫ್ರೇಮ್, 1/60 ಶಟರ್ ಇಟ್ಟಿದ್ದೆ. ಅವರ ಕರೆಂಟು 60 ಹರ್ಟ್ಸ್, ಅವರಿಗೆ ಅದು ಸರಿ. ನಮ್ಮಲ್ಲಿ 1/60 ಅಂದ್ರೆ ಒಂದೂ ಮುಕ್ಕಾಲಿನ ಹತ್ತಿರ ಮಿನುಗು; ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದ್ತಾ ಹೋಗೋದ್ರಿಂದ ಒಂದು ಸಾಲಿಗೆ ಜಾಸ್ತಿ ಬೆಳಕು, ಮುಂದಿನದಕ್ಕೆ ಕಡಿಮೆ.

ಇಲ್ಲೊಂದು ಗೊಂದಲ ಇದೆ. 30 ಫ್ರೇಮೇ ತಪ್ಪು ಅಂತ ಜನ ಅಂದ್ಕೊಳ್ತಾರೆ. ಅಲ್ಲ. 30 ಫ್ರೇಮ್ ಇಟ್ಟು ಶಟರ್ 1/50 ಮಾಡಿದ್ರೂ ಪಟ್ಟಿ ಬರಲ್ಲ. ತಪ್ಪಿರೋದು ಶಟರ್‌ನಲ್ಲಿ. ಆದ್ರೂ ನಾನೀಗ ಇಡೋದು 24 ಅಥವಾ 25 ಫ್ರೇಮ್, 1/50 ಶಟರ್. ಕ್ಯಾನನ್ 5ಡಿ ಮಾರ್ಕ್ 2 ಅಂತ ಒಂದು ಕ್ಯಾಮೆರಾ 2008ರಲ್ಲಿ ಬಂತು, ನಮ್ಮಂಥೋರಿಗೆ ಸಿನಿಮಾ ಬಾಗಿಲು ತೆಗೆದಿದ್ದೇ ಅದು ಅಂತಾರೆ. ಅದರಲ್ಲೂ ಮೊದಲು ಬರೀ 30 ಫ್ರೇಮ್ ಇತ್ತು. 24, 25 ಬೇಕು ಅಂತ ಜನ ಗೋಗರೆದ ಮೇಲೆ 2010ರಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಆಗಿ ಬಂತು.

ಜಾತ್ರೆಯ ಸೀರಿಯಲ್ ಸೆಟ್ ಇದೆಯಲ್ಲ, ಅದು ಇನ್ನೊಂದು ತಲೆನೋವು. ಅದರ ಒಳಗಿನ ಸರ್ಕ್ಯೂಟ್ ಯಾವ ಲೆಕ್ಕದಲ್ಲಿ ಮಿನುಗುತ್ತೋ ದೇವರಿಗೇ ಗೊತ್ತು. ಅಲ್ಲಿ ಸೂತ್ರ ನಡೆಯಲ್ಲ. ಹಿಂದಿನ ದಿನವೇ ಹೋಗಿ ಹತ್ತು ಸೆಕೆಂಡ್ ಶೂಟ್ ಮಾಡಿ, ಫೋನಲ್ಲಿ ಅಲ್ಲ, ದೊಡ್ಡ ಪರದೆಯಲ್ಲಿ ನೋಡಿ.

ಎರಡನೇ ತಪ್ಪು ಲೆನ್ಸು. ನಾನು ಬಾಡಿಗೆಗೆ ತಂದಿದ್ದು ಎಪಿಎಸ್-ಸಿ ಸೆನ್ಸರಿನ ಸಣ್ಣ ಕ್ಯಾಮೆರಾ, ಜೊತೆಗೆ ಎಲ್ಲರೂ ಹೊಗಳೋ 50 ಎಂಎಂ ಎಫ್/1.8. ಅಗ್ಗ, ಬೆಳಕು ಚೆನ್ನಾಗಿ ಹೀರುತ್ತೆ, ಎಲ್ಲ ನಿಜ. ಆದ್ರೆ ಆ ಸೆನ್ಸರ್ ಮೇಲೆ ಅದು ಸುಮಾರು 75 ಎಂಎಂ ತರ ನೋಡುತ್ತೆ. ಹಲಸೂರಿನ ಓಣಿಯಲ್ಲಿ 75 ಎಂಎಂ ಇಟ್ಕೊಂಡು ಎಲ್ಲಿ ನಿಲ್ತೀರಾ? ಹಿಂದೆ ಸರಿದ್ರೆ ಚರಂಡಿ, ಇನ್ನೂ ಸರಿದ್ರೆ ಎದುರು ಮನೆಯವರ ಅಡುಗೆಮನೆ. ಅಣ್ಣನ ಮುಖ ಬಂದ್ರೆ ಕೈ ಬರಲ್ಲ, ಕೈ ಬಂದ್ರೆ ಪಲ್ಲಕ್ಕಿ ಬರಲ್ಲ. ಕೊನೆಗೆ ಅದನ್ನ ಚೀಲಕ್ಕೆ ಹಾಕಿ ಕಿಟ್ ಲೆನ್ಸ್ ಹಾಕ್ದೆ. ಅದರ ಬಾಯಿ ಚಿಕ್ಕದು, ಜೂಮ್ ಮಾಡಿದಷ್ಟೂ ಕತ್ತಲು, ಎಫ್/5.6ರವರೆಗೆ ಹೋಗುತ್ತೆ. ಎಫ್/1.8ಕ್ಕೆ ಹೋಲಿಸಿದ್ರೆ ಅಲ್ಲಿ ಒಳಗೆ ಬರೋ ಬೆಳಕು ಹತ್ತನೇ ಒಂದು ಭಾಗದಷ್ಟು. ಕಳೆದ ಬೆಳಕನ್ನ ತುಂಬಿಸೋಕೆ ಐಎಸ್‌ಒ 12800 ಮಾಡ್ದೆ. ಚಿತ್ರದ ತುಂಬಾ ರವೆ ಎರಚಿದ ಹಾಗೆ ನಾಯ್ಸ್.

ಈ ನಾಯ್ಸ್ ಬರೀ ನೋಡೋಕೆ ಕೆಟ್ಟದ್ದಾಗಿದ್ರೆ ಸಹಿಸ್ಕೋಬಹುದಿತ್ತು. ಅದೇ ಮುಂದೆ ಹೋಗಿ ಮೂರನೇ ತಪ್ಪಿಗೆ ದಾರಿ ಮಾಡ್ತು.

ಮೂರನೇದು ಎಕ್ಸ್‌ಪೋರ್ಟ್. ಪ್ರದರ್ಶನದವರು ಲಿಂಕ್ ಕಳಿಸಿ ಅಂದ್ರು. ನನ್ನ ಹತ್ರ ಇದ್ದದ್ದು ಮೊಬೈಲ್ ಹಾಟ್‌ಸ್ಪಾಟ್, ದಿನದ ಡೇಟಾ ಮುಗಿಯೋಕೆ ಬಂದಿತ್ತು. ಫೈಲ್ ಚಿಕ್ಕದಿರ್ಲಿ ಅಂತ 4ಕೆಯಲ್ಲಿ 6 ಎಂಬಿಪಿಎಸ್ ಬಿಟ್‌ರೇಟ್ ಹಾಕಿದೆ. ಹದಿನಾಲ್ಕು ನಿಮಿಷಕ್ಕೆ ಸುಮಾರು 630 ಎಂಬಿ. ಖುಷಿಯಾಯ್ತು. ಆಮೇಲೆ ಲೆಕ್ಕ ಹಾಕಿದೆ. 4ಕೆಯ ಒಂದು ಫ್ರೇಮಿನಲ್ಲಿ 83 ಲಕ್ಷ ಪಿಕ್ಸೆಲ್, ಸೆಕೆಂಡಿಗೆ 30 ಫ್ರೇಮ್. ಅಷ್ಟಕ್ಕೂ ನಾನು ಕೊಟ್ಟಿದ್ದು ಸೆಕೆಂಡಿಗೆ 60 ಲಕ್ಷ ಬಿಟ್. ಅಂದ್ರೆ ಒಂದು ಬಿಟ್ಟಿನಲ್ಲಿ ನಲವತ್ತೊಂದು ಪಿಕ್ಸೆಲ್‌ಗಳ ಸಂಸಾರ ನಡೀಬೇಕು.

ವಿಡಿಯೊ ಎನ್‌ಕೋಡರ್ ಅನ್ನೋದು ಮನೆ ಯಜಮಾನಿ ತರ. ಕೊಟ್ಟ ದುಡ್ಡಲ್ಲಿ ತಿಂಗಳು ತೂಗಿಸ್ಬೇಕು. ಹಿಂದಿನ ಫ್ರೇಮಿಗೂ ಈಗಿನದಕ್ಕೂ ಏನು ಬದಲಾಗಿದೆಯೋ ಅದನ್ನಷ್ಟೇ ಬರ್ಕೊಳ್ಳುತ್ತೆ, ಉಳಿದದ್ದು "ಹಾಗೇ ಇದೆ" ಅಂತ ಬಿಡುತ್ತೆ. ಆದ್ರೆ ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತೆ. ಆ ರವೆಯ ಕಾಳೊಂದೊಂದಕ್ಕೂ ಲೆಕ್ಕ ಬರೆದು ಬರೆದು ದುಡ್ಡು ಮುಗೀತು. ಇನ್ನು ಕತ್ತಲ ಭಾಗ ಹೇಗೂ ಕಣ್ಣಿಗೆ ಅಷ್ಟು ಕಾಣಲ್ಲ ಅಂತ ಅಲ್ಲೇ ಕೈ ಬಿಗಿ ಮಾಡ್ತು. ಅಣ್ಣನ ಕೈ ಇದ್ದದ್ದೇ ಅಲ್ಲಿ.

ಪುಣ್ಯಕ್ಕೆ ಮೂಲ ಎಡಿಟ್ ಹಾರ್ಡ್ ಡಿಸ್ಕಲ್ಲಿತ್ತು. ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ, ಚೌಕಗಳು ಹೋದ್ವು. ನಾಯ್ಸನ್ನ ಸಾಫ್ಟ್‌ವೇರಲ್ಲಿ ಸ್ವಲ್ಪ ತಗ್ಗಿಸಿದೆ, ಅರ್ಧ ಸರಿಹೋಯ್ತು. ಪಟ್ಟಿಗಳು ಮಾತ್ರ ಇವತ್ತಿಗೂ ಹಾಗೇ ಇವೆ. ಅದಕ್ಕೇ ಯಾರು ಕೇಳಿದ್ರೂ ನಾನು ಉಲ್ಟಾ ದಾರಿ ಹೇಳೋದು: ನಿಮ್ಮ ಚಿತ್ರದ ಅತಿ ಕತ್ತಲ ಶಾಟ್ ಯಾವುದು, ಅದನ್ನ ಜನ ಎಲ್ಲಿ ನೋಡ್ತಾರೆ, ಅಲ್ಲಿಂದ ಹಿಂದಕ್ಕೆ ಬನ್ನಿ. ಕ್ಯಾಮೆರಾ ಕೊನೆಗೆ ಬರುತ್ತೆ.

ಕೊನೆಗೆ ಅಂದೆ ಅಂತ ಅದು ಮುಖ್ಯ ಅಲ್ಲ ಅಂತಲ್ಲ. "ಕ್ಯಾಮೆರಾ ಮುಖ್ಯ ಅಲ್ಲ, ಕತೆ ಮುಖ್ಯ" ಅಂತ ವೇದಿಕೆ ಮೇಲೆ ಹೇಳೋರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅವರ ಹತ್ರ ಒಳ್ಳೇ ಕ್ಯಾಮೆರಾ ಇರುತ್ತೆ. ನಟೇಶ್ ಹೆಗಡೆ ಅವರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗಕ್ಕೆ ಹೋಯ್ತು, ಕನ್ನಡದ ಚಿತ್ರ, ಛಾಯಾಗ್ರಹಣ ವಿಕಾಸ್ ಅರಸ್ ಅವರದ್ದು. ಅದನ್ನ ತೆಗೆದದ್ದು 16 ಎಂಎಂ ಫಿಲ್ಮಿನಲ್ಲಿ. ಡಿಜಿಟಲ್ ಇಷ್ಟು ಅಗ್ಗವಾಗಿರೋ ಕಾಲದಲ್ಲಿ ಫಿಲ್ಮ್ ರೋಲ್ ಹಾಕಿದ್ದಾರೆ ಅಂದ್ರೆ ಅದು ಸುಮ್ಮನೆ ಮಾಡಿದ ಆಯ್ಕೆ ಅಲ್ಲ. ಅದೇ ವರ್ಷ ಬಿಡುಗಡೆಯಾದ '28 ಇಯರ್ಸ್ ಲೇಟರ್' ಚಿತ್ರದ ಬಹುಭಾಗವನ್ನ ಡ್ಯಾನಿ ಬಾಯ್ಲ್ ಐಫೋನ್ 15 ಪ್ರೊ ಮ್ಯಾಕ್ಸ್‌ನಲ್ಲಿ ತೆಗೆದಿದ್ರು. ನಿಮ್ಮ ಜೇಬಲ್ಲೂ ಫೋನ್ ಇದೆ ಅಂತ ಹಿಗ್ಗಬೇಡಿ, ಆ ಫೋನ್ ಸುತ್ತ ಕಟ್ಟಿದ ಲೆನ್ಸ್, ಪಂಜರ, ದೀಪಗಳ ಫೋಟೊ ಒಂದ್ಸಲ ನೋಡಿ.

2023ರ 'ದಿ ಕ್ರಿಯೇಟರ್' ಕೂಡ ಹಾಗೇ. ಸುಮಾರು 80 ಮಿಲಿಯನ್ ಡಾಲರ್ ಚಿತ್ರ, ತೆಗೆದದ್ದು ನಾಲ್ಕು ಸಾವಿರ ಡಾಲರ್ ಆಸುಪಾಸಿನ ಸೋನಿ ಎಫ್‌ಎಕ್ಸ್3ಯಲ್ಲಿ. ಇದರಲ್ಲಿ ನಮಗೆ ಉಪಯೋಗ ಆಗೋ ವಿಷಯ ಬೆಲೆ ಅಲ್ಲ. ಆ ಕ್ಯಾಮೆರಾಗೆ ಲಾಗ್‌ನಲ್ಲಿ ಎರಡು ಬೇಸ್ ಐಎಸ್‌ಒ ಇವೆ, 800 ಮತ್ತು 12800. ಎರಡನೇದಕ್ಕೆ ಹಾರಿದ ಕೂಡಲೇ ನಾಯ್ಸ್ ಇಳಿಯುತ್ತೆ. ನನ್ನ ಸಣ್ಣ ಕ್ಯಾಮೆರಾದ 12800 ಬೇರೆ, ಅದರ 12800 ಬೇರೆ. ಅದರ ತಮ್ಮ ಎಫ್‌ಎಕ್ಸ್30, 2022ರದ್ದು, ಅದರಲ್ಲಿ 800 ಮತ್ತು 2500. ಇಂಥ ನಂಬರ್ ನೋಡಿ ಬಾಡಿಗೆಗೆ ತಗೊಳ್ಳಿ. ಕೊಳ್ಳೋದು ಯಾಕೆ? ಮೊದಲ ಮೂರು ಚಿತ್ರಕ್ಕೆ ಬಾಡಿಗೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಇಎಂಐ ಕಟ್ಟೋಕೆ ಮದುವೆ ಶೂಟ್, ಮದುವೆ ಶೂಟ್‌ನಿಂದ ಬೆನ್ನುನೋವು, ಚಿತ್ರ ಅಲ್ಲೇ ನಿಂತುಹೋಯ್ತು. ನನ್ನ ಸ್ನೇಹಿತರಲ್ಲೇ ಹೀಗೆ ಆಗಿರೋರಿದ್ದಾರೆ.

ಕ್ಯಾಮೆರಾದಲ್ಲಿ ನೋಡಬೇಕಾದ ಇನ್ನೊಂದು ಅಂದ್ರೆ 10 ಬಿಟ್. 8 ಬಿಟ್ ಅಂದ್ರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. 10 ಬಿಟ್‌ನಲ್ಲಿ 1024. ಕತ್ತಲಿಂದ ಬೆಳಕಿಗೆ ಮೆಲ್ಲಗೆ ಏರೋ ಗೋಡೆ, ಸಂಜೆ ಕೆರೆ ಮೇಲಿನ ಆಕಾಶ, ಇಂಥ ಕಡೆ ಮೆಟ್ಟಿಲು ಕಡಿಮೆ ಇದ್ರೆ ಬಣ್ಣ ನಯವಾಗಿ ಏರಲ್ಲ, ಸೋಪಾನದ ತರ ಕಾಣುತ್ತೆ. ಲಾಗ್‌ನಲ್ಲಿ ತೆಗೆದು ಆಮೇಲೆ ಬಣ್ಣ ತಿದ್ದೋರಿಗಂತೂ 8 ಬಿಟ್ ಬೇಡವೇ ಬೇಡ. ಕ್ಯಾಮೆರಾದಲ್ಲಿ 8 ಬಿಟ್ಟೇ ಇದೆಯಾ? ಲಾಗ್ ಆಫ್ ಮಾಡಿ, ಬಣ್ಣ ಅಲ್ಲೇ ಸರಿ ಮಾಡ್ಕೊಂಡು ತೆಗೀರಿ. ಅವಮಾನ ಏನಿಲ್ಲ.

ಫೋನಲ್ಲೇ ತೆಗೆಯೋರು ಜಾಸ್ತಿ ಇದ್ದೀರಾ ಅಂತ ಗೊತ್ತು. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನೋ ಆ್ಯಪ್ ಉಚಿತ, ಐಫೋನಿಗೆ 2023ರಲ್ಲಿ ಬಂತು, ಆಂಡ್ರಾಯ್ಡಿಗೆ 2024ರಲ್ಲಿ. ಕೆಲವು ಮಾಡೆಲ್‌ಗೆ ಮಾತ್ರ ಸಿಗುತ್ತೆ, ಸಿಗದಿದ್ರೆ ಫೋನಿನ ಪ್ರೊ ವಿಡಿಯೊ ಮೋಡ್ ನೋಡಿ. ಫ್ರೇಮ್ ರೇಟ್ ಲಾಕ್, ಶಟರ್ 1/50 ಲಾಕ್, ಬಿಳಿ ಬಣ್ಣದ ಬ್ಯಾಲೆನ್ಸ್ ಲಾಕ್, ಫೋಕಸ್ ಲಾಕ್. ಮಾಮೂಲಿ ಕ್ಯಾಮೆರಾ ಆ್ಯಪ್ ಬೆಳಕಿಗೆ ತಕ್ಕಂತೆ ಫ್ರೇಮ್ ರೇಟನ್ನೇ ಹಿಂದೆ ಮುಂದೆ ಮಾಡುತ್ತೆ, ಎಡಿಟ್‌ನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಫೋನಿನ ಲೆನ್ಸ್ ಬಾಯಿ ಸಾಮಾನ್ಯವಾಗಿ ಕಿರಿದು ಮಾಡೋಕೆ ಆಗಲ್ಲ, ಹಗಲಲ್ಲಿ 1/50 ಇಟ್ರೆ ಚಿತ್ರ ಬೆಳ್ಳಗಾಗುತ್ತೆ. ಅದಕ್ಕೆ ಎನ್‌ಡಿ ಫಿಲ್ಟರ್, ಅಂದ್ರೆ ಲೆನ್ಸಿಗೆ ಕೂಲಿಂಗ್ ಗ್ಲಾಸ್. ರಾತ್ರಿ ಮುಖ್ಯ ಲೆನ್ಸ್ ಬಿಟ್ಟು ಬೇರೇದಕ್ಕೆ ಹೋಗಬೇಡಿ, ಹತ್ರ ಬೇಕು ಅಂದ್ರೆ ಕಾಲಲ್ಲಿ ನಡೆದು ಹೋಗಿ. ಐಫೋನಿನ ಪ್ರೊರೆಸ್ ಆನ್ ಮಾಡೋ ಮುಂಚೆ ಜಾಗ ಎಷ್ಟಿದೆ ನೋಡ್ಕೊಳ್ಳಿ, 4ಕೆ ಒಂದು ನಿಮಿಷಕ್ಕೆ ಸುಮಾರು 6 ಜಿಬಿ ನುಂಗುತ್ತೆ. ದೇವರು ಪಲ್ಲಕ್ಕಿ ಏರೋ ಹೊತ್ತಿಗೆ "ಸ್ಟೋರೇಜ್ ಫುಲ್" ಅಂದ್ರೆ ದೇವರು ಕಾಯಲ್ಲ.

ಮುಂದಿನ ವರ್ಷದ ಜಾತ್ರೆಗೆ ನಾನು ಮತ್ತೆ ಹೋದೆ. ಅಣ್ಣನನ್ನ ಒಪ್ಪಿಸೋಕೆ ಎರಡು ವಾರ ಹಿಡೀತು. "ನೀನು ತೆಗಿ, ಆದ್ರೆ ನೋಡೋಕೆ ಕರೀಬೇಡ" ಅಂದ್ರು.

ಈ ಸಲ ಎಫ್‌ಎಕ್ಸ್30 ಬಾಡಿಗೆಗೆ ತಂದೆ, ಲೆನ್ಸ್ ಎರಡೇ: ಸಿಗ್ಮಾ 16 ಎಂಎಂ ಮತ್ತು 30 ಎಂಎಂ, ಎರಡೂ ಎಫ್/1.4. ಓಣಿಗೆ 16, ಕೈಗೆ 30. ಎಫ್/4ರಲ್ಲಿ ಐಎಸ್‌ಒ 12800 ಬೇಕಾದ ಜಾಗಕ್ಕೆ ಎಫ್/1.4ರಲ್ಲಿ 1600ರ ಹತ್ತಿರ ಸಾಕು, ಬೆಳಕು ಎಂಟು ಪಟ್ಟು. ಒಂದು ಎಚ್ಚರಿಕೆ: ಎಫ್/1.4 ಪೂರ್ತಿ ತೆಗೆದ್ರೆ ಫೋಕಸ್ ಕೂದಲೆಳೆಯಷ್ಟು. ಅಣ್ಣ ಹೂ ಎತ್ತಿಕೊಳ್ಳೋಕೆ ಬಗ್ಗಿದ್ರೆ ಸಾಕು, ಬೆರಳು ಮಸುಕು. ನಾನು ಹೆಚ್ಚಿನ ಕಡೆ ಎಫ್/2 ಇಟ್ಟೆ, ಐಎಸ್‌ಒ ಎರಡನೇ ಬೇಸ್ 2500ರಲ್ಲಿ ನಿಂತಿತು.

ಆದ್ರೆ ಆ ಚಿತ್ರದಲ್ಲಿ ಅತಿ ದೊಡ್ಡ ವ್ಯತ್ಯಾಸ ತಂದದ್ದು ಒಂದು ಬಲ್ಬು. ಅಣ್ಣನ ಅಂಗಡಿಯ ಟ್ಯೂಬ್‌ಲೈಟ್ ನೆತ್ತಿ ಮೇಲಿತ್ತು, ಅವರ ತಲೆಯ ನೆರಳು ಸರಿಯಾಗಿ ಕೈ ಮೇಲೇ ಬೀಳ್ತಿತ್ತು. ಅದನ್ನ ಆರಿಸಿ, ಎಡಗಡೆಗೆ, ಎದೆಮಟ್ಟಕ್ಕೆ ಒಂದು ಹಳದಿ ಎಲ್‌ಇಡಿ ಬಲ್ಬ್ ತೂಗುಹಾಕಿದೆ. ಆ ಬಲ್ಬ್ ಆರಿಸೋಕೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದೊಂದೇ ಹಚ್ಚಿಸಿ, ಫೋನಿನ ಶಟರ್ 1/1000 ಮಾಡಿ ಎದುರಿಗೆ ಹಿಡಿದು ನೋಡಿದೆ. ಪಟ್ಟಿ ಕಂಡ್ರೆ ಆ ಬಲ್ಬ್ ಬೇಡ, ಕಾಣದಿದ್ರೆ ಬೇಕು. ಅಂಗಡಿಯವರು "ಬಲ್ಬಿನ ಫೋಟೊ ತೆಗೆದು ಏನ್ ಮಾಡ್ತೀರಾ ಸಾರ್?" ಅಂದ್ರು. ನಾಲ್ಕನೇದು ಪಾಸಾಯ್ತು.

ಚಿದಾನಂದ ನಾಯ್ಕ್ ಅವರ ಹದಿನಾರು ನಿಮಿಷದ ಚಿತ್ರ, 'ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು', 2024ರಲ್ಲಿ ಕಾನ್‌ನ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತಲ್ಲ. ಮೈಸೂರಿನಲ್ಲಿ ಡಾಕ್ಟರಾಗಿದ್ದವರು, ಪುಣೆಯ ಎಫ್‌ಟಿಐಐನಲ್ಲಿ ಓದುವಾಗ ಮಾಡಿದ ಚಿತ್ರ. ಅಜ್ಜಿ ಹುಂಜ ಕದ್ದುಕೊಂಡು ಹೋಗ್ತಾಳೆ, ಊರಿಗೆ ಸೂರ್ಯ ಹುಟ್ಟೋದೇ ಇಲ್ಲ, ಹಾಗಾಗಿ ಚಿತ್ರವೆಲ್ಲ ಕತ್ತಲಲ್ಲಿ. ರಾತ್ರಿ ತೆಗೀಬೇಕು ಅನ್ನೋರು ಅದನ್ನ ನೋಡುವಾಗ ಕತೆ ಬಿಟ್ಟು ಒಂದು ಸಲ ಬರೀ ದೀಪ ಎಲ್ಲಿದೆ ಅಂತ ಹುಡುಕ್ತಾ ನೋಡಿ.

ಇನ್ನು ಎಕ್ಸ್‌ಪೋರ್ಟ್. ಈಗ ನಾನು ಮೊದಲು ಒಂದು ಮಾಸ್ಟರ್ ಫೈಲ್ ತೆಗೀತೀನಿ: ಮ್ಯಾಕ್ ಇದ್ರೆ ಪ್ರೊರೆಸ್ 422 ಎಚ್‌ಕ್ಯು, ವಿಂಡೋಸ್ ಆದ್ರೆ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯುಎಕ್ಸ್. ದೊಡ್ಡದಾಗಿರುತ್ತೆ, ಇರ್ಲಿ. ಎರಡು ಹಾರ್ಡ್ ಡಿಸ್ಕಲ್ಲಿ ಇಡಿ. ಅದರಿಂದಲೇ ಉಳಿದ ಎಲ್ಲ ಮಕ್ಕಳು ಹುಟ್ಟಬೇಕು, ಮಕ್ಕಳಿಂದ ಮೊಮ್ಮಕ್ಕಳನ್ನ ಮಾಡಬೇಡಿ. ಒಮ್ಮೆ ಕುಗ್ಗಿಸಿದ್ದನ್ನ ಮತ್ತೆ ಕುಗ್ಗಿಸಿದ್ರೆ ನನ್ನ ಕಪ್ಪು ಚೌಕಗಳು ವಾಪಸ್ ಬರ್ತವೆ. ಕಳಿಸೋ ಫೈಲಿಗೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್, ಅದರಲ್ಲಿ ಎಕ್ಸ್264. ಬಿಟ್‌ರೇಟ್ ನಾನು ಹೇಳಲ್ಲ, ಗುಣಮಟ್ಟ ಹೇಳ್ತೀನಿ, ಸಿಆರ್‌ಎಫ್ ಅಂತ ಇರುತ್ತೆ. ಎಕ್ಸ್264ರ ಡಿಫಾಲ್ಟ್ 23, ನಂಬರ್ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ನಾನು 17 ಇಡ್ತೀನಿ, ಪ್ರಿಸೆಟ್ 'ಸ್ಲೋ'. ರಾತ್ರಿ ದೃಶ್ಯ ಜಾಸ್ತಿ ಇದ್ರೆ ಹೆಚ್ಚುವರಿ ಆಯ್ಕೆಗಳ ಪೆಟ್ಟಿಗೆಯಲ್ಲಿ ಎಕ್ಯು-ಮೋಡ್ ಅನ್ನೋದನ್ನ 3 ಮಾಡಿ. ಕತ್ತಲ ಭಾಗಕ್ಕೆ ಒಂದಿಷ್ಟು ಜಾಸ್ತಿ ಬಿಟ್ ಕೊಡು ಅಂತ ಯಜಮಾನಿಗೆ ಹೇಳೋದು ಅದು. ಈ ಒಂದು ಅಂಕಿ ಗೊತ್ತಿದ್ದಿದ್ರೆ ಆ ಸಂಜೆ ಸ್ವಲ್ಪನಾದ್ರೂ ಉಳೀತಿತ್ತು.

ಯೂಟ್ಯೂಬಿಗೆ ಹಾಕೋದಾದ್ರೆ, ಅವರೇ ಶಿಫಾರಸು ಮಾಡೋದು 24ರಿಂದ 30 ಫ್ರೇಮಿನ 1080ಪಿಗೆ 8 ಎಂಬಿಪಿಎಸ್, 4ಕೆಗೆ 35ರಿಂದ 45. ಅವರು ಹೇಗೂ ಮತ್ತೆ ಕುಗ್ಗಿಸ್ತಾರೆ, ಆದ್ದರಿಂದ ನೀವು ಕೊಡೋದು ಇದಕ್ಕಿಂತ ಜಾಸ್ತಿಯೇ ಇರಲಿ. ಥಿಯೇಟರಿನಲ್ಲಿ ಹಾಕ್ತಾರೆ ಅಂದ್ರೆ ಡಿಸಿಪಿ ಬೇಕು. ಅದರಲ್ಲಿ ಪ್ರತಿ ಫ್ರೇಮೂ ಬೇರೆ ಬೇರೆ ಜೆಪೆಗ್ 2000 ಚಿತ್ರ, ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ. ಡಿಸಿಪಿ-ಒ-ಮ್ಯಾಟಿಕ್ ಅಂತ ಉಚಿತ ಸಾಫ್ಟ್‌ವೇರಲ್ಲಿ ಮನೆಯಲ್ಲೇ ಮಾಡಬಹುದು. ಅಲ್ಲಿ ಎಲ್ಲ ಕಡೆ ತಕರಾರಿಲ್ಲದೆ ಓಡೋದು 24 ಫ್ರೇಮ್, ಹಾಗಾಗಿ ಥಿಯೇಟರ್ ಕನಸಿದ್ರೆ ಮೊದಲ ದಿನದಿಂದಲೇ 24 ಇಡಿ. ಆಮೇಲೆ ಆ ಹಾಲಿಗೆ ಅರ್ಧ ಗಂಟೆ ಮುಂಚೆ ಹೋಗಿ, ಅತಿ ಕತ್ತಲ ಶಾಟನ್ನ ಅದೇ ಪ್ರೊಜೆಕ್ಟರಲ್ಲಿ ಹಾಕಿಸಿ ನೋಡಿ. ಸಂಕೋಚ ಬೇಡ, ನಾನೀಗ ಜಗಳ ಆಡಿಯಾದ್ರೂ ನೋಡ್ತೀನಿ.

ಶಬ್ದದ ಬಗ್ಗೆ ಒಂದು ಮಾತೂ ಆಡಿಲ್ಲ, ಗೊತ್ತು. ತಲೆ ಮೇಲೆ ಮೆಟ್ರೋ ಹೋಗೋ ಏರಿಯಾದಲ್ಲಿ ಸೌಂಡ್ ರೆಕಾರ್ಡ್ ಮಾಡೋದು ಬೇರೆಯೇ ಸಂಚಿಕೆ.

ಹೊಸ ಚಿತ್ರ ಮುಗಿದ ಮೇಲೆ ಅಣ್ಣನನ್ನ ಎಲ್ಲಿಗೂ ಕರೀಲಿಲ್ಲ. ಅವರ ಮಾತೇ ಇತ್ತಲ್ಲ. ಒಂದು ಬೆಳಗ್ಗೆ ಅಂಗಡಿಗೇ ಟ್ಯಾಬ್ ತಗೊಂಡು ಹೋದೆ. ಹೂ ಕಟ್ತಾ ಕಟ್ತಾನೇ ನೋಡಿದ್ರು, ಮಧ್ಯದಲ್ಲಿ ಇಬ್ಬರು ಗಿರಾಕಿ ಬಂದು ಹೋದ್ರು. ರಾತ್ರಿ ದೃಶ್ಯ ಬಂದಾಗ ಕೈ ನಿಂತಿತು. ಒದ್ದೆ ಬೆರಳನ್ನ ಪಂಚೆಗೆ ಒರೆಸಿಕೊಂಡು, "ಒಂದ್ನಿಮಿಷ, ನಿಲ್ಲಿಸು" ಅಂದ್ರು. ನನಗೆ ಎದೆ ಧಸಕ್ ಅಂತು. ಪರದೆ ಮೇಲೆ ಒಂದು ಕಡೆ ಬೆರಳಿಟ್ಟು ಪಕ್ಕದ ಹುಡುಗನನ್ನ ಕರೆದ್ರು.

"ನೋಡೋ ಇಲ್ಲಿ, ಮೂರನೇ ಗಂಟು ಸಡಿಲ ಬಿಟ್ಟಿದ್ದೀನಿ. ಅದಕ್ಕೇ ಅವತ್ತು ಆ ಕಡೆ ಜಾಲರಿ ಇಳಿದಿದ್ದು."